ಮಧ್ಯಾಹ್ನದ ಕರೆಂಟು, ಸಂಜೆಯ ದೋಸೆಹಿಟ್ಟು

ಮದುವೆ ಮನೆಯ ಮಾತಿಗೂ ಕಾಲಧರ್ಮ ಅಂತ ಒಂದಿದೆ. ಹಿಂದೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು "ನಿಮ್ಮ ಕಡೆ ಮಳೆ ಹೇಗೆ?" ಅನ್ನುತ್ತಿದ್ದರು. ಆಮೇಲೆ "ಸೈಟು ಎಲ್ಲಿ ತಗೊಂಡ್ರಿ?" ಬಂತು. ಅದರ ಹಿಂದೆಯೇ "ಶುಗರ್ ಎಷ್ಟಿದೆ?" ಬಂತು. ಈಗ ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಕೇಳಿಬಿಡುತ್ತಾರೆ: "ಎಷ್ಟು ಕಿಲೋವ್ಯಾಟ್ ಹಾಕಿಸಿದಿರಿ?" ಹಾಕಿಸಿಲ್ಲ ಅಂದಿರೋ, ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಮಜ್ಜಿಗೆ ಬರುವವರೆಗೂ ಉಪದೇಶ ನಿಲ್ಲುವುದಿಲ್ಲ.

ಚಾವಣಿ ಸೋಲಾರಿನವರದು ಈಗ ಒಂದು ಹೊಸ ಪಂಗಡ. ಅದಕ್ಕೆ ದೀಕ್ಷೆ ಪಡೆದವರಲ್ಲಿ ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಪ್ರಮುಖರು. ಮೈಸೂರಿನಲ್ಲಿ ಸ್ವಂತ ಮನೆ, ಮೇಲೆ ಮೂರು ಕಿಲೋವ್ಯಾಟ್. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಬಂದದ್ದನ್ನು ಅವರು ಮಗನಿಗೆ ಬಂದ ರ‍್ಯಾಂಕಿನ ಹಾಗೆ ಹೇಳಿಕೊಳ್ಳುತ್ತಾರೆ. ಮೊದಲೆಲ್ಲ ಎದ್ದೊಡನೆ ಅಂಗೈ ನೋಡಿಕೊಂಡು ನಮಸ್ಕರಿಸುತ್ತಿದ್ದರು. ಈಗಲೂ ಅಂಗೈಯನ್ನೇ ನೋಡಿಕೊಳ್ಳುತ್ತಾರೆ, ಆದರೆ ಅದರಲ್ಲಿ ಇನ್‌ವರ್ಟರಿನ ಆ್ಯಪ್ ತೆರೆದಿರುತ್ತದೆ. ಒಳ್ಳೆಯ ಬಿಸಿಲಿದ್ದರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ಟು, ಮೂರಕ್ಕೆ ಹನ್ನೆರಡು. ಹನ್ನೆರಡು ಬಂದ ದಿನ ಭಾವನಿಗೆ ಊಟ ಸೇರುತ್ತದೆ. ಮೋಡ ಕವಿದು ಐದಕ್ಕೆ ಇಳಿದ ದಿನ ಮನೆಯಲ್ಲಿ ಯಾರೂ ಅವರ ತಂಟೆಗೆ ಹೋಗುವುದಿಲ್ಲ. ಜೂನ್ ತಿಂಗಳಲ್ಲಿ ಇಡೀ ನಾಡು ಮುಂಗಾರಿಗೆ ಕೈಮುಗಿದು ಕಾಯುವಾಗ, ಮೋಡ ಕಂಡು ಹಲ್ಲು ಕಡಿಯುವ ಕನ್ನಡಿಗನನ್ನು ನಾನು ಮೊದಲ ಸಲ ನೋಡಿದ್ದು ಆ ಮನೆಯಲ್ಲೇ.

ಸೋಲಾರ್ ಬಂದ ಮೇಲೆ ಆ ಮನೆಯ ಸ್ಥಾನಮಾನಗಳೂ ಅದಲುಬದಲಾದವು. ಹಿತ್ತಿಲ ತೆಂಗಿನ ಮರವನ್ನು ಭಾವನೇ ನೆಟ್ಟು, ನೀರೆರೆದು ಬೆಳೆಸಿದ್ದರು. ಈಗ ಮಧ್ಯಾಹ್ನ ಮೂರಕ್ಕೆ ಅದರ ಗರಿಯ ನೆರಳು ಒಂದು ಪ್ಯಾನಲ್ಲಿನ ಮೇಲೆ ಬೀಳುತ್ತದೆ. ಪ್ಯಾನಲ್ಲುಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಸೊರಗಿದರೂ ಸಾಲಿನ ದುಡಿಮೆಗೆ ಪೆಟ್ಟು. ಹಾಗಾಗಿ ನಿನ್ನೆಯವರೆಗೆ ಕಲ್ಪವೃಕ್ಷವಾಗಿದ್ದದ್ದು ಇವತ್ತು 'ಶೇಡಿಂಗ್ ಪ್ರಾಬ್ಲಮ್'. ಪ್ರತಿ ಪ್ಯಾನಲ್ಲಿಗೂ ಬೇರೆಬೇರೆಯಾಗಿ ಕೂರಿಸುವ ಮೈಕ್ರೋ ಇನ್‌ವರ್ಟರ್ ಎಂಬುದೊಂದು ಬಂದಿದೆ. ಅದನ್ನು ಹಾಕಿಸಿದರೆ ಒಬ್ಬನ ಸೋಮಾರಿತನ ಉಳಿದವರಿಗೆ ತಗಲುವುದಿಲ್ಲ. ಸರ್ಕಾರಿ ಕಚೇರಿಗಳಿಗೆ ಇಂಥದ್ದು ಇನ್ನೂ ಬಂದಿಲ್ಲ.

ಅತ್ತೆಯವರ ಅಹವಾಲು ಬೇರೆ. ಬೇಸಗೆಯಲ್ಲಿ ಸಂಡಿಗೆ ಇಡುತ್ತಿದ್ದ ಜಾಗ ಹೋಯಿತು. "ಜಾಗ ಎಲ್ಲಮ್ಮ ಹೋಯ್ತು? ಎಂಟಡಿ ಎತ್ತರಕ್ಕೆ ಕಬ್ಬಿಣದ ಕಂಬ ಹಾಕಿಸಿದೀನಿ, ಕೆಳಗೆ ಆರಾಮಾಗಿ ಓಡಾಡು" ಅಂದರು ಭಾವ. "ಓಡಾಡೋಕೆ ನಾನು ಅಲ್ಲಿಗೆ ಹೋಗಲ್ಲ ಕಣೋ. ಸಂಡಿಗೆಗೆ ಬಿಸಿಲು ಬೇಕು. ಅದನ್ನೆಲ್ಲ ನೀನು ಮೇಲೇ ಹಿಡ್ಕೊಂಡುಬಿಟ್ಟಿದೀಯ." ಮರುಮಾತಿಲ್ಲ.

ಕರೆಂಟಿನ ವಿಷಯದಲ್ಲಿ ನಮ್ಮವರಿಗೆ ಸ್ವಲ್ಪ ಜಂಬ ಇದ್ದರೆ ತಪ್ಪಿಲ್ಲ ಬಿಡಿ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ನೂರು ಕಿಲೋಮೀಟರಿಗೂ ಆಚೆ ಕೋಲಾರದ ಚಿನ್ನದ ಗಣಿಗೆ ಕಳಿಸಿದವರು ನಾವು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮೊದಲು ಚಿನ್ನ, ಆಮೇಲೆ ಜನ. ಆದ್ಯತೆ ಆಗಲೂ ಸ್ಪಷ್ಟವಾಗಿಯೇ ಇತ್ತು. ಗ್ರಿಡ್ಡಿಗೆ ಜೋಡಿಸಿದ ದೊಡ್ಡ ಸೋಲಾರ್ ಘಟಕ ಅನ್ನುವುದು ದೇಶಕ್ಕೇ ಹೊಸದಾಗಿದ್ದ ಕಾಲದಲ್ಲಿ ಅಂಥದ್ದೊಂದು ಎದ್ದದ್ದೂ ಅದೇ ಕೋಲಾರದ ಸೀಮೆಯಲ್ಲೇ, ಬಂಗಾರಪೇಟೆ ಕಡೆಯ ಯಳೇಸಂದ್ರದಲ್ಲಿ. ಆಗ ಸೋಲಾರ್ ಅಂದರೆ ಶ್ರೀಮಂತರ ಶೋಕಿ. 2010ರ ಸುಮಾರಿಗೆ ಹರಾಜಿನಲ್ಲಿ ಯೂನಿಟ್ಟಿಗೆ 10 ರೂಪಾಯಿ ಮೇಲೆಯೇ ಕೂಗುತ್ತಿದ್ದರು. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜೊಂದರಲ್ಲಿ ಅದು 1 ರೂಪಾಯಿ 99 ಪೈಸೆಗೆ ಇಳಿಯಿತು. ಹತ್ತು ವರ್ಷದಲ್ಲಿ ಹೀಗೆ ಇಳಿದ ಇನ್ನೊಂದು ಪದಾರ್ಥವನ್ನು ನಮ್ಮ ಕಿರಾಣಿ ಅಂಗಡಿಯವನು ಎದೆಯ ಮೇಲೆ ಕೈಯಿಟ್ಟು ತೋರಿಸಲಿ ನೋಡೋಣ.

ಹಾಗಾದರೆ ತೊಂದರೆ ಮುಗಿಯಿತಲ್ಲ ಅನ್ನಬೇಡಿ. ತೊಂದರೆ ಬೆಲೆಯಿಂದ ಎದ್ದು ಗಡಿಯಾರದಲ್ಲಿ ಹೋಗಿ ಕೂತಿದೆ.

ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಬರದ ಸೀಮೆಯ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಕೈಕೊಟ್ಟರೂ ಬಾಡಿಗೆ ಕೈಕೊಡದ ಬೆಳೆ ಅದು. (ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಈ ಮಾತನ್ನು ಉದ್ಘಾಟನೆಯ ವೇದಿಕೆಗಳಲ್ಲಿ ಆಡುವವರು ಕಡಿಮೆ.) ಅಷ್ಟು ದೊಡ್ಡ ಪಾರ್ಕು ನಡು ಮಧ್ಯಾಹ್ನ ಭೋರೆಂದು ಕರೆಂಟು ಸುರಿಯುತ್ತದೆ. ಸಂಜೆ ಆರೂವರೆಗೆ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ, ಗೀಸರ್ ಎಲ್ಲ ಒಟ್ಟಿಗೆ ಏಳುವ ಹೊತ್ತಿಗೆ ಅದು ಮುಸುಕೆಳೆದು ಮಲಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗ್ರಿಡ್ ನೋಡಿಕೊಳ್ಳುವವರು 2013ರಲ್ಲಿ ಸೋಲಾರ್ ಕಳೆದು ಉಳಿಯುವ ಬೇಡಿಕೆಯ ಗೆರೆ ಎಳೆದು ನೋಡಿದರೆ ಮಧ್ಯಾಹ್ನಕ್ಕೆ ಜೋತ ಹೊಟ್ಟೆ, ಸಂಜೆಗೆ ಎತ್ತಿದ ಕತ್ತು. ಅದಕ್ಕೆ ಬಾತುಕೋಳಿ ಅಂತಲೇ ಹೆಸರಿಟ್ಟರು. ಆ ಬಾತುಕೋಳಿ ಈಗ ನಮ್ಮ ಕೆರೆಗೂ ಇಳಿದಿದೆ.

ಭಾವ ಇದನ್ನೆಲ್ಲ ಯೂಟ್ಯೂಬಿನಲ್ಲಿ ನೋಡಿಕೊಂಡವರೇ ಮನೆಯಲ್ಲಿ ಸುಗ್ರೀವಾಜ್ಞೆ ಹೊರಡಿಸಿದರು: ಬಟ್ಟೆ ಒಗೆಯುವುದು, ನೀರು ಏರಿಸುವುದು, ರುಬ್ಬುವುದು, ಎಲ್ಲ ಇನ್ನು ಮೇಲೆ ಬೆಳಿಗ್ಗೆ ಹತ್ತರಿಂದ ಮೂರರ ಒಳಗೆ. ಒಗೆಯುವುದೂ ಏರಿಸುವುದೂ ಸುಸೂತ್ರವಾಗಿ ಸರಿದವು. ರುಬ್ಬುವುದು ಅತ್ತೆಯವರ ಖಾತೆ.

"ಹನ್ನೆರಡು ಗಂಟೆಗೆ ರುಬ್ಬಿದರೆ ರಾತ್ರಿ ಒಂಬತ್ತಕ್ಕೇ ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿಯುತ್ತೆ. ಬೆಳಿಗ್ಗೆಗೆ ಹುಳಿ ಹೆಂಡ. ಯಾರು ತಿಂತಾರೆ ಆ ದೋಸೇನ?"

"ಫ್ರಿಜ್ಜಲ್ಲಿಡು ಅಮ್ಮ. ರಾತ್ರಿ ಮಲಗುವಾಗ ತೆಗೆದು ಹೊರಗಿಡು."

"ಅದಕ್ಕೆ ನಾನು ರಾತ್ರಿ ಎದ್ದಿರಬೇಕೋ? ನಿನ್ನ ಸೂರ್ಯನಿಗೇ ಹೇಳು, ಸಂಜೆ ಆರಕ್ಕೆ ಬಾ ಅಂತ."

ನಾನು ಅಳಿಯ, ನಡುವೆ ಬಾಯಿ ಹಾಕುವ ಹಾಗಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅತ್ತೆಯವರ ಟೇಬಲ್ ಗ್ರೈಂಡರ್ 150 ವ್ಯಾಟಿನದು, ಅರ್ಧ ಗಂಟೆ ತಿರುಗಿದರೆ ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಅದೇ ಮನೆಯ ಬಚ್ಚಲಲ್ಲಿ ಭಾವನ 2,000 ವ್ಯಾಟಿನ ಗೀಸರ್ ಹತ್ತು ನಿಮಿಷದಲ್ಲಿ ಅದರ ನಾಲ್ಕು ಪಟ್ಟು ಕುಡಿದು ಸುಮ್ಮನಿರುತ್ತದೆ. ಅದೂ ಅಲ್ಲದೆ ನೆಟ್ ಮೀಟರಿನ ಲೆಕ್ಕದಲ್ಲಿ ಹಗಲು ಗ್ರಿಡ್ಡಿಗೆ ಕೊಟ್ಟದ್ದು ರಾತ್ರಿ ತೆಗೆದುಕೊಂಡದ್ದಕ್ಕೆ ವಜಾ ಆಗಿಬಿಡುತ್ತದೆ. ಯಾವಾಗ ರುಬ್ಬಿದರೂ ಭಾವನ ಬಿಲ್ಲು ಅಷ್ಟೇ. ಹೊತ್ತಿನ ಚಿಂತೆ ಇರುವುದು ಗ್ರಿಡ್ಡಿಗೆ. ಆದರೆ ಲೋಕದ ಚಿಂತೆಯನ್ನು ಅಮ್ಮನ ಗ್ರೈಂಡರಿನ ಮೇಲೆ ಹೊರಿಸಿದಷ್ಟು ಸುಲಭವಾಗಿ ತನ್ನ ಗೀಸರಿನ ಮೇಲೆ ಹೊರಿಸಿಕೊಂಡ ಗಂಡಸನ್ನು ನಾನಂತೂ ಕಂಡಿಲ್ಲ.

ಈ ಹೊತ್ತಿನ ಆಟದಲ್ಲಿ ನಿಜವಾಗಿ ಗೆದ್ದವರಿದ್ದರೆ ಪಂಪ್‌ಸೆಟ್ಟಿನ ರೈತರು. ಹಿಂದೆ ಹೊಲಕ್ಕೆ ತ್ರೀ ಫೇಸ್ ಬರುತ್ತಿದ್ದದ್ದು ಊರೆಲ್ಲ ಮಲಗಿದ ಮೇಲೆ. ರಾತ್ರಿ ಎರಡಕ್ಕೆ ಟಾರ್ಚು ಹಿಡಿದು, ಹಾವು ಚೇಳು ತುಳಿಯುವ ಭಯದಲ್ಲಿ ಹೋಗಿ ಮೋಟಾರು ಹಾಕಬೇಕಿತ್ತು. ಹಗಲಿನ ಕರೆಂಟು ಹೆಚ್ಚಾದ ಮೇಲೆ ಎಷ್ಟೋ ಕಡೆ ಹೊಲದ ಪಾಳಿ ಹಗಲಿಗೆ ಬಂದಿದೆ. ಭತ್ತದ ಗದ್ದೆ ಹುಳಿ ಬರುವುದಿಲ್ಲ, ಮಧ್ಯಾಹ್ನ ನೀರು ಕೊಟ್ಟರೂ ಕುಡಿಯುತ್ತದೆ.

ಉಳಿದದ್ದನ್ನು ಕೂಡಿಡಬೇಕು. ಕೂಡಿಡಲು ಬ್ಯಾಟರಿ ಇದೆ. ಲಿಥಿಯಂ ಅಗ್ಗವಾಗುತ್ತಿದೆ, ಉಪ್ಪಿನಲ್ಲಿರುವ ಸೋಡಿಯಂ ಬಳಸುವ ಬ್ಯಾಟರಿಗಳೂ ಬಂದಿವೆ. ಇನ್ನೊಂದು ಉಪಾಯ ಬಹಳ ಹಳೆಯದು: ಕರೆಂಟು ಮಿಕ್ಕಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸು, ಬೇಕಾದಾಗ ಬಿಟ್ಟು ಟರ್ಬೈನು ತಿರುಗಿಸು. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2,000 ಮೆಗಾವ್ಯಾಟಿನ ಇಂಥ ಯೋಜನೆ ಹಾಕಿಕೊಂಡು ಕೂತಿದ್ದಾರೆ. ನೂರು ಯೂನಿಟ್ಟು ಖರ್ಚು ಮಾಡಿ ಏರಿಸಿದರೆ ಎಪ್ಪತ್ತೈದೋ ಎಂಬತ್ತೋ ವಾಪಸು ಬರುತ್ತದೆ. ಮೇಲಿನಿಂದ ಬಿದ್ದು ಒಮ್ಮೆ ದುಡಿದು ಕೊಟ್ಟ ನೀರನ್ನು ಹಿಡಿದು ಮತ್ತೆ ಗುಡ್ಡ ಹತ್ತಿಸುವುದನ್ನು ಕೇಳಿದರೆ ಶರಾವತಿಯ ಮೇಲೆ ಮರುಕವಾಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. ಬೆಂಗಳೂರಿನ ಸಂಜೆಯ ಟಿವಿಗೆ ಅಲ್ಲಿನ ಕಾಡು ಕೊರೆಯುವ ಮೊದಲು ಬೇರೆ ದಾರಿಯನ್ನೆಲ್ಲ ನೋಡಿ ಮುಗಿಸಬೇಕು ಅನ್ನುವವನು ನಾನು. ಸಿಂಗಳೀಕ ಧಾರಾವಾಹಿ ನೋಡುವುದಿಲ್ಲ.

ಸೋಲಾರಿನವರ ಎದುರು ಪಕ್ಷವೂ ಒಂದಿದೆ: ಕಾಯುವವರದು. ನಮ್ಮ ಪಕ್ಕದ ಮನೆಯ ರಾಯರು ಅದರ ಅಧ್ಯಕ್ಷರು. ಯಾವುದೇ ಹೊಸ ಸಾಮಾನು ಬರಲಿ, "ಇನ್ನೆರಡು ವರ್ಷ ತಡೀರಿ, ಇದಕ್ಕಿಂತ ಒಳ್ಳೇದು ಬರತ್ತೆ" ಅನ್ನುತ್ತಾರೆ. ನಗಬೇಡಿ, ಎಲ್‌ಇಡಿ ಬಲ್ಬಿನಲ್ಲಿ ಅವರೇ ಗೆದ್ದರು. 2014ರಲ್ಲಿ ಸರ್ಕಾರವೇ ಸಗಟಿನಲ್ಲಿ 310 ರೂಪಾಯಿ ಕೊಟ್ಟು ಕೊಂಡ ಬಲ್ಬು 2016ಕ್ಕೆ 38ಕ್ಕೆ ಬಂತು. ಅಲ್ಲಿಯವರೆಗೆ ರಾಯರ ಮನೆಯಲ್ಲಿ 40 ವ್ಯಾಟಿನ ಹಳದಿ ಬಲ್ಬಿನ ಕೆಳಗೆ ಮೊಮ್ಮಕ್ಕಳು ಅಂದಾಜಿನ ಮೇಲೆ ಓದಿದವು. ಈಗ ಅವರು ಕಾಯುತ್ತಿರುವುದು ಪೆರೋವ್‌ಸ್ಕೈಟ್ ಎಂಬ ಪದಾರ್ಥದ ಪ್ಯಾನಲ್ಲಿಗೆ. 2009ರಲ್ಲಿ ಜಪಾನಿನ ಮಿಯಾಸಕ ಅವರ ತಂಡ ಇದರಲ್ಲಿ ಮೊದಲ ಸಲ ಸೌರಕೋಶ ಮಾಡಿದಾಗ ಬಿಸಿಲಿನ ಶೇಕಡ 3.8 ಪಾಲು ಮಾತ್ರ ಕರೆಂಟಾಗುತ್ತಿತ್ತು. ಈಗ ಸಿಲಿಕಾನಿನ ಮೇಲೆ ಇದರ ಒಂದು ಪದರ ಲೇಪಿಸಿ ಪ್ರಯೋಗಾಲಯಗಳಲ್ಲಿ ಶೇಕಡ 34 ದಾಟಿಸಿದ್ದಾರೆ. ಭಾವನ ಚಾವಣಿಯ ಮೇಲಿರುವಂಥ ಪ್ಯಾನಲ್ಲುಗಳು ಇಪ್ಪತ್ತರ ಆಸುಪಾಸಿನಲ್ಲೇ ಇವೆ. ದೊಡ್ಡ ಕೊರತೆಯೆಂದರೆ, ತೇವ ತಗಲಿದರೆ ಇದು ಆಷಾಢದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಇಪ್ಪತ್ತೈದು ವರ್ಷ ಮಳೆ ಬಿಸಿಲಲ್ಲಿ ನಿಲ್ಲಬಲ್ಲದ್ದನ್ನು ಮಾಡುವುದೇ ಈಗಿನ ಹೆಣಗಾಟ. ರಾಯರಿಗೆ ಎಪ್ಪತ್ತೆಂಟು. ಅವಸರವೇನಿಲ್ಲ ಅನ್ನುತ್ತಾರೆ.

ಕೊನೆಗೂ ಅವರು ಕೊಂಡ ಒಂದೇ ಹೊಸ ಸಾಮಾನು ಬಿಎಲ್‌ಡಿಸಿ ಫ್ಯಾನು. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಸುಮಾರಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ತಿರುಗುವ ಭಾಗದಲ್ಲಿ ಶಾಶ್ವತ ಆಯಸ್ಕಾಂತ, ಸುರುಳಿಗಳಿಗೆ ಯಾವಾಗ ಕರೆಂಟು ಕೊಡಬೇಕೆಂದು ಹೇಳಲು ಒಳಗೊಂದು ಪುಟ್ಟ ಸರ್ಕ್ಯೂಟು. ಹಳೆಯ ಫ್ಯಾನಿನ ಹಾಗೆ ಕರೆಂಟನ್ನು ಸುಮ್ಮನೆ ಬಿಸಿ ಮಾಡಿ ಕಳೆಯುವುದು ಕಡಿಮೆ. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ ಹದಿಮೂರು ಯೂನಿಟ್ಟು ಉಳಿತಾಯ. ಗೋಡೆಯ ಮೇಲಿನ ರೆಗ್ಯುಲೇಟರಿಗೆ ಇದು ಜಗ್ಗುವುದಿಲ್ಲ, ಎಲ್ಲಕ್ಕೂ ರಿಮೋಟು. ರಿಮೋಟು ರಾಯರ ದಿಂಬಿನ ಕೆಳಗೆ. ಮನೆಯಲ್ಲಿ ಯಾರಿಗೆ ಎಷ್ಟು ಸೆಕೆ ಆಗಬೇಕೆಂದು ಈಗ ಅವರೇ ನಿರ್ಧರಿಸುತ್ತಾರೆ.

ಫ್ಯಾನಿನಲ್ಲಿ ಉಳಿದ ಯೂನಿಟ್ಟು ಎಲ್ಲಿ ಹೋಗುತ್ತದೆ ಅನ್ನುವುದು ಇನ್ನೊಂದು ಕಥೆ. ಉಗಿಯಂತ್ರ ಮಿತವ್ಯಯಿ ಆದಷ್ಟೂ ಕಲ್ಲಿದ್ದಲ ಖರ್ಚು ಹೆಚ್ಚುತ್ತದೆ ಅಂತ ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಬರೆದಿಟ್ಟ. ಅವನ ಮಾತಿಗೆ ನಮ್ಮ ಭಾವನೇ ಸಾಕ್ಷಿ: "ಹೇಗೂ ಮೇಲೆ ಸೋಲಾರ್ ಇದೆಯಲ್ಲ" ಅಂತ ಎರಡು ಕೋಣೆಗೆ ಐದು ಸ್ಟಾರಿನ ಎಸಿ ಬಂತು. 2020ರಿಂದ ಎಸಿಗಳು ಅಂಗಡಿಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರುತ್ತವೆ. ಒಂದೊಂದು ಡಿಗ್ರಿ ಮೇಲೇರಿಸಿದರೂ ಸುಮಾರು ಶೇಕಡ 6 ಕರೆಂಟು ಉಳಿಯುತ್ತದೆ ಅಂತ ಸರ್ಕಾರದ ಇಲಾಖೆಯೇ ಸಾರುತ್ತದೆ. ಭಾವ ಅದನ್ನು 18ಕ್ಕೆ ಇಳಿಸಿ, ಮೇಲೆ ದಪ್ಪ ರಗ್ಗು ಹೊದ್ದು ಮಲಗುತ್ತಾರೆ. ಅದೂ ರಾತ್ರಿ, ಸೂರ್ಯನ ಬೆಂಬಲ ಹಿಂತೆಗೆದುಕೊಂಡ ಮೇಲೆ.

ರಾಯರಿಗೆ ಎಸಿ ಗಿಸಿ ಇಲ್ಲ. ಇಡೀ ಬೀದಿಯಲ್ಲಿ ಕರೆಂಟನ್ನು ಅವರಷ್ಟು ಭಯಭಕ್ತಿಯಿಂದ ಬಳಸಿದವರೇ ಇಲ್ಲ. ಇಂಥ ಮನುಷ್ಯನಿಗೆ ಪೆಟ್ಟು ಬಿದ್ದದ್ದು 2023ರಲ್ಲಿ, ಗೃಹಜ್ಯೋತಿ ಬಂದಾಗ. 200 ಯೂನಿಟ್ಟಿನ ತನಕ ಉಚಿತ ಅಂದಾಗ ಅವರೂ ಹಿಗ್ಗಿದರು. ಆಮೇಲೆ ನಿಯಮದ ಕಾಗದ ಓದಿದರು: ಹಿಂದಿನ ಆರ್ಥಿಕ ವರ್ಷದಲ್ಲಿ ನಿಮ್ಮ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡ 10 ಸೇರಿಸಿ, ಅಷ್ಟು ಪುಕ್ಕಟೆ. ಎದುರು ಮನೆಯವರು ಗೀಸರ್ ಆರಿಸದೆ ಊರಿಗೆ ಹೋಗುವ ಪೈಕಿ. ಸರಾಸರಿ 170, ಪುಕ್ಕಟೆ 187. ಬಚ್ಚಲ ದೀಪವನ್ನು ಒಳಗೆ ಮನುಷ್ಯರಿದ್ದಾಗಲೇ ಆರಿಸಿ ಬರುತ್ತಿದ್ದ ರಾಯರ ಸರಾಸರಿ 52, ಪುಕ್ಕಟೆ 57. ಅದರ ಮೇಲಿನದಕ್ಕೆ ದುಡ್ಡು.

ರಾಯರು ಆ ಕಾಗದವನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ನಾನು ಹೋದಾಗಲೂ ತೆಗೆದರು. ಒಳಗಿಂದ ಕಾಫಿ ತಂದ ಅವರ ಮನೆಯವರು ನನಗೆ ಹೇಳಿದರು, "ಮುಂದಿನ ಸಲ ಯಾವ ವರ್ಷದ ಸರಾಸರಿ ತೆಗೀತಾರೆ ಅಂತ ಸ್ವಲ್ಪ ಮುಂಚೇನೇ ವಿಚಾರಿಸಿ ಹೇಳಿಬಿಡಿ. ಆ ಒಂದು ವರ್ಷನಾದರೂ ನಾನು ಈ ಮನೇಲಿ ದೀಪ ಹಾಕ್ಕೊಂಡು ಅಡುಗೆ ಮಾಡ್ತೀನಿ."