ಉದುರುವ ಹಲ್ಲಿಗೇಕೆ ಉಪಚಾರ?

ಮೈಸೂರಿನ ಯಾವ ಬಡಾವಣೆಗೆ ಹೋದರೂ ಬೀದಿಗೊಬ್ಬರಂತೆ ಕಾಣಸಿಗುವ, ನಿವೃತ್ತರಾದ ಮರುದಿನದಿಂದಲೇ ಮೊಮ್ಮಕ್ಕಳ ದೇಹಾರೋಗ್ಯದ ಸರ್ವಾಧಿಕಾರವನ್ನು ತಾವಾಗಿಯೇ ವಹಿಸಿಕೊಳ್ಳುವ ಅಜ್ಜಂದಿರ ಪಂಗಡವೊಂದುಂಟು. ನಮ್ಮ ಬೀದಿಯ ಪಾಲಿಗೆ ಬಂದವರು, ಕಂದಾಯ ಇಲಾಖೆಯಲ್ಲಿ ಬಹುಕಾಲ ಕಡತಗಳನ್ನಾಳಿದ ನಮ್ಮ ರಾಯರು. ದಂತಗಳ ವಿಷಯದಲ್ಲಿ ಇವರ ಸಿದ್ಧಾಂತ ಸಂಕ್ಷಿಪ್ತವಾದದ್ದು: "ಹಾಲುಹಲ್ಲು ತಾನೆ? ಹೇಗಿದ್ದರೂ ಬೀಳತಕ್ಕದ್ದು, ಅದಕ್ಕೇಕೆ ದುಡ್ಡು ಸುರಿಯೋದು?" ಸಮಸ್ತವೂ ನಶ್ವರವೆಂಬ ಈ ವೇದಾಂತ ಅವರಲ್ಲಿ ಮಗುವಿನ ಹಲ್ಲಿನ ಮಟ್ಟಿಗೆ ಮಾತ್ರ ಉದಿಸಿರುವುದು ವಿಶೇಷ, ಏಕೆಂದರೆ ನಂಜನಗೂಡಿನ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂರಬೇಕಾದ ಸೀಟನ್ನು ಸಹ ಅವರು ಚೆನ್ನಾಗಿ ಝಾಡಿಸಿ, ಟವಲು ಹಾಸದೆ ಎಂದೂ ಕುಳಿತವರಲ್ಲ.

ಮೊಮ್ಮಗಳಿಗೆ ಮೊದಲ ಹಲ್ಲು ಇಣುಕಿದಾಗ ಆ ಮನೆಯಲ್ಲಿ ನಡೆದ ವಿಚಾರಣೆ, ಅದು ಕೆಳಗಿನದೋ ಮೇಲಿನದೋ ಎಂಬುದಷ್ಟೇ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲವೆಂದು ಹಿರಿಯರು ಹೇಳುವುದುಂಟಲ್ಲವೆ. ಕೆಳಗಿನ ಜೋಡಿಯೇ ಮೊದಲು ತಲೆಯೆತ್ತಿದ ಕಾರಣ ಬೆಂಗಳೂರಿನ ಸೋದರಮಾವ ಬದುಕಿಕೊಂಡನು, ರಾಯರ ದೃಷ್ಟಿಯಲ್ಲಿ ಪ್ರಕರಣ ಅಲ್ಲಿಗೆ ಇತ್ಯರ್ಥವಾಯಿತು. ಇನ್ನುಳಿದದ್ದು, ಆರೇಳನೆಯ ವಯಸ್ಸಿನಲ್ಲಿ ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿ ಹುದುಗಿಸಿ ಮನೆಯ ಮಾಡಿನ ಮೇಲಕ್ಕೆ ಎಸೆಯುವುದು. ಈ ಎರಡು ಸಂಸ್ಕಾರಗಳ ನಡುವಣ ದೀರ್ಘಕಾಲದಲ್ಲಿ ಹಲ್ಲಿಗೂ ಒಂದು ಬಾಳುವೆಯುಂಟೆಂಬುದನ್ನು ಯಾರೂ ಯೋಚಿಸಿದಂತಿರಲಿಲ್ಲ. ಆ ಅವಧಿಯಲ್ಲಿ ಮಗು ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿ ಕಚ್ಚಿಕೊಂಡೇ ನಿದ್ದೆಹೋಗುತ್ತಿತ್ತು, ಅದನ್ನು ಹಾಗೆ ಮಲಗಿಸುವ ಕೌಶಲ ರಾಯರೊಬ್ಬರಿಗೇ ಸಿದ್ಧಿಸಿತ್ತು.

"ಮೊದಲನೇ ಹಲ್ಲು ಬಂದ ಆರು ತಿಂಗಳೊಳಗೆ, ಹೆಚ್ಚೆಂದರೆ ವರ್ಷ ತುಂಬುವಷ್ಟರಲ್ಲಿ ಒಂದು ಸಲ ತೋರಿಸಬೇಕಂತೆ ಮಾವ, ನಮ್ಮದಕ್ಕೆ ಆಗಲೇ ಎರಡು ತುಂಬಿತು" ಎಂದು ಸೊಸೆ ಮೆಲ್ಲನೆ ಹೇಳಿದಾಗ ರಾಯರು ನಕ್ಕುಬಿಟ್ಟರು. "ನೋವೇ ಇಲ್ಲವಲ್ಲಮ್ಮ, ತೋರಿಸೋದು ಏನನ್ನ? ನಾವೆಲ್ಲ ನಂಜನಗೂಡಿನ ಹಲ್ಲುಪುಡೀಲಿ ಬೆರಳಾಡಿಸಿ ಬೆಳೆದವರು, ಏನಾಗಿದೆ ನಮಗೆ?" ಹೀಗೆನ್ನುವಾಗ ಮೇಲಿನ ಸಾಲು ಪೂರ್ತಿಯಾಗಿ ಅರ್ಧ ಅಂಗುಲ ಕೆಳಕ್ಕೆ ಜಾರಲು, ನಾಲಿಗೆಯಿಂದೊತ್ತಿ ಅದನ್ನು ಸ್ವಸ್ಥಾನಕ್ಕೆ ಸೇರಿಸಿಕೊಂಡರು. ಪುಡಿಯದೇನೂ ತಪ್ಪಿರಲಾರದು, ಜೇಬಿನಲ್ಲಿ ಅಚ್ಚುಬೆಲ್ಲವಿಟ್ಟುಕೊಂಡು ತಿರುಗುವ ಅಭ್ಯಾಸ ಅವರಿಗೆ ಬಾಲ್ಯದಿಂದಲೂ ಇದ್ದದ್ದು. ಆ ಕಟ್ಟಿಸಿದ ಹಲ್ಲಿನ ಸೆಟ್ಟು ರಾತ್ರಿಯೆಲ್ಲ ಸ್ಟೀಲ್ ಲೋಟದ ನೀರಿನಲ್ಲಿ ವಿಶ್ರಮಿಸುತ್ತದೆ, ಬೆಳಿಗ್ಗೆ ಪ್ರತ್ಯೇಕವಾದೊಂದು ಬ್ರಷ್ಷಿನಿಂದ ಅದಕ್ಕೆ ಅಭ್ಯಂಜನ ನಡೆಯುತ್ತದೆ.

ಕೊನೆಗೂ ಸೊಸೆ ಹೊರಟಳು; ಮೋಸಹೋಗದಂತೆ ನೋಡಿಕೊಳ್ಳಲು ರಾಯರೂ, ಸಾಕ್ಷಿಯಾಗಿ ನಾನೂ ಆಟೋ ಹತ್ತಿದೆವು. "ಹೆದರಬೇಡ ಪುಟ್ಟಿ, ಸೂಜಿ ಚುಚ್ಚೋದಿಲ್ಲ, ಇಕ್ಕಳ ಹಾಕಿ ಕೀಳೋದಿಲ್ಲ, ರಕ್ತ ಬರೋದೇ ಇಲ್ಲ" ಎಂದು ದಾರಿಯುದ್ದಕ್ಕೂ ಅವರು ಧೈರ್ಯ ತುಂಬಿದ ಫಲವಾಗಿ, ಅದುವರೆಗೆ ಇಕ್ಕಳವೆಂಬ ಶಬ್ದವನ್ನೇ ಕೇಳಿರದಿದ್ದ ಮಗು ಕ್ಲಿನಿಕ್ಕಿನ ಬಾಗಿಲಲ್ಲಿಯೇ ತಾರಸ್ವರದಲ್ಲಿ ಆರಂಭಿಸಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ದೊಡ್ಡ ಕುರ್ಚಿಯ ಗೋಜಿಗೇ ಹೋಗದೆ, ತಾಯಿಯ ಎದುರು ಮಂಡಿಗೆ ಮಂಡಿ ತಾಗಿಸಿ ಕುಳಿತು, ಮಗುವಿನ ಕಣ್ಣಿಗೆ ಅಮ್ಮನ ಮುಖವೇ ಕಾಣುವಂತೆ ಅದರ ತಲೆಯನ್ನು ಮಾತ್ರ ತಮ್ಮ ತೊಡೆಯ ಮೇಲೆ ಒರಗಿಸಿಕೊಂಡು, "ಅಳಲಿ ಬಿಡಿ, ಬಾಯಿ ಚೆನ್ನಾಗಿ ತೆರೆಯುತ್ತೆ" ಎನ್ನುತ್ತ ಪುಟ್ಟ ಕನ್ನಡಿಯಿಂದ ನಿಮಿಷದೊಳಗೆ ನೋಡಿ ಮುಗಿಸಿದರು. ಮೇಲಿನ ಮುಂಹಲ್ಲುಗಳಲ್ಲಿ, ಒಸಡಿನಂಚಿಗೆ, ಸುಣ್ಣದ ಗೆರೆಯೆಳೆದಂತೆ ಬಿಳಿಯ ಪಟ್ಟಿ. ಹುಳುಕಿನ ಮೊದಲ ಗುರುತು, ಈಗಲೇ ಎಚ್ಚೆತ್ತರೆ ತಡೆಯಬಹುದು ಎಂದರು. ಬಾಟಲಿ ಚೀಪುವಾಗ ನಾಲಿಗೆ ಕಾಪಾಡುವುದರಿಂದ ಕೆಳಗಿನವು ಚೆನ್ನಾಗಿದ್ದವು. "ರಾತ್ರಿ ಸಕ್ಕರೆ ಹಾಲು ಕೊಡೋದು ಯಾರು?" ಎಂಬ ಪ್ರಶ್ನೆಗೆ ಉತ್ತರವಾಗಿ ರಾಯರು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲವನ್ನು ಹುಡುಕತೊಡಗಿದರು.

ಅನಂತರ ತಮ್ಮ ಸಿದ್ಧಾಂತವನ್ನು ಮಂಡಿಸಿದರು. ಆಕೆ ಸಾವಧಾನವಾಗಿ ಕೇಳಿ, ಹಿಂದಿನ ಹಾಲುಹಲ್ಲುಗಳು 10-12ನೆಯ ವಯಸ್ಸಿನವರೆಗೂ ಇರಬೇಕಾದವೆಂದೂ, ಅವು ಹುಳುಕಾಗಿ ಅಕಾಲದಲ್ಲಿ ಹೋದರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲಿ, ಅಡಿಯಲ್ಲಿ ಕಾದಿರುವ ಹೊಸ ಹಲ್ಲಿಗೆ ದಾರಿಯಿಲ್ಲದಂತಾಗುವುದೆಂದೂ ವಿವರಿಸಿದರು. ರಾಯರ ಮುಖದಲ್ಲಿ ಸರ್ವೀಸಿನ ಹಳೆಯ ಕಳೆ ಮೂಡಿತು. "ಅಂದರೆ ಒತ್ತುವರಿ ಅನ್ನಿ! ಖಾಲಿ ಬಿಟ್ಟ ನಿವೇಶನಕ್ಕೆ ಪಕ್ಕದವನು ಬೇಲಿ ಸರಿಸೋದು! ಮೊದಲೇ ಹೀಗೆ ಹೇಳೋದಲ್ಲವೇನಮ್ಮ?" ಎಂದು ಸೊಸೆಯನ್ನೇ ಗದರಿಸಿ, ಜೇಬಿನಿಂದ ಡೈರಿ ತೆಗೆದರು.

ಬಾಟಲಿ ಬಂದ್, ಮಲಗುವ ಮುನ್ನ ಹಲ್ಲುಜ್ಜಿದ ಮೇಲೆ ನೀರು ಮಾತ್ರ, ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ಆಮೇಲೆ ಬಟಾಣಿಕಾಳಿನಷ್ಟು, ಉಜ್ಜುವುದು ದೊಡ್ಡವರೇ. ಬರೆಯುತ್ತಿದ್ದ ಲೇಖನಿ ನಿಂತಿತು.

"ಯಾವ ಅಕ್ಕಿ? ರಾಜಮುಡಿಯೋ, ಸೋನಾಮಸೂರಿಯೋ?"

"ಯಾವುದಾದರೂ ಆದೀತು ತಾತ, ಅನ್ನ ಆಗಿರಬಾರದು ಅಷ್ಟೆ."

ರಾಯರು ಅದನ್ನೂ ಬರೆದುಕೊಂಡರು. ಬಟಾಣಿಯ ಬಾಬತ್ತು ಮಾತ್ರ, ಅದು ಒಣಗಿದ್ದೋ ನೆನೆಸಿದ್ದೋ ಎಂಬ ಬಗ್ಗೆ ಸ್ಪಷ್ಟೀಕರಣವನ್ನು ಲಿಖಿತವಾಗಿಯೇ ದಯಪಾಲಿಸಬೇಕೆಂದು ಕೋರಿದರು.