ಕೆಡವಿದವರ ಕಣ್ಣೀರು

ಅಂಗಡಿ ಕೆಡವಿದವನೇ ಅದನ್ನು ನೆನೆದು ಅಳುವ ಕಾಲ ಇದು.

ನಮ್ಮ ವಿಜಯಪುರ ಜಿಲ್ಲೆಯ ಹೊರ್ತಿ, ಝಳಕಿ, ಇಂಡಿ, ಸಿಂದಗಿ. ಎಲ್ಲಿ ಹೋದರೂ ಒಂದೇ ರಾಗ. "ಏನ್ ಇತ್ರೀ ಆವಾಗ! ಆ ಅಂಗಡಿ, ಆ ಕಟ್ಟಿ, ಆ ಮಂದಿ!" ಹೀಗೆ ನಿಟ್ಟುಸಿರು ಬಿಡುವ ಸಾವಕಾರ ನಿಂತಿರುವುದು ತನ್ನ ಹೊಸ ಕಾಂಪ್ಲೆಕ್ಸಿನ ಮುಂದೆ. ಕೆಳಗೆ ಎಂಟು ಶಟರ್, ಮೇಲೆ ಲಾಡ್ಜ್. ಆ ಕಟ್ಟೆಗೆ ಜೆಸಿಬಿ ಹಚ್ಚಿಸಿದವನೂ ಇವನೇ.

ಹಳೆ ಅಂಗಡಿಯದು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ 42 ಡಿಗ್ರಿಯಲ್ಲೂ ಒಳಗೆ ತಂಪು. ಬಾಗಿಲೆಂದರೆ ಹಲಗೆಗಳ ಸಾಲು. ಒಂದೊಂದು ಹಲಗೆಗೂ ನಂಬರು. ಹಾಕುವಾಗ ಕ್ರಮ ತಪ್ಪಿದರೆ ಕೊನೆಯದು ಕೂರುತ್ತಲೇ ಇರಲಿಲ್ಲ. ಒಳಗೆ ಗಾದಿ, ಗಲ್ಲಾ, ತಕ್ಕಡಿ, ಕೆಂಪು ರಟ್ಟಿನ ಉದ್ರಿ ವಹಿ. 1956ರ ತೂಕ-ಅಳತೆ ಕಾಯ್ದೆ ಕಿಲೋ ತಂದಿತು. ಜೋಳ ಮಾತ್ರ ಸೇರು ಬಿಟ್ಟು ಕೆಳಗಿಳಿಯಲಿಲ್ಲ. ಸುಗ್ಗಿಗೆ ಉದ್ರಿ ಮುಟ್ಟಿಸಿದರಾಯಿತು. ಬಡ್ಡಿ ಎಷ್ಟು ಹತ್ತುತ್ತಿತ್ತು ಎಂಬುದು ಸಾವಕಾರನ ನೆನಪಿನಲ್ಲಿ ಇಲ್ಲ.

ಆಮೇಲೆ ಸೋಲಾಪುರ-ವಿಜಯಪುರ ರಸ್ತೆ ಚತುಷ್ಪಥವಾಯಿತು. ರಾಷ್ಟ್ರೀಯ ಹೆದ್ದಾರಿ 13 ಹೋಗಿ 52 ಬಂತು. ಜಾಗಕ್ಕೆ ಅಡಿ ಲೆಕ್ಕದ ಬೆಲೆ ಬಂತು. ಅಜ್ಜನ ಗೋಡೆಗೆ ಬಿರುಕೂ ಸರಿಯಾಗಿ ಆಗಲೇ ಬಂತು.

"ಹಳೇದಾಗಿತ್ರಿ. ಯಾರರ ಮ್ಯಾಲ ಬಿದ್ರ ಏನ್ ಮಾಡೂದು?"

ಎಂಥ ಜೀವದಯೆ! ಇಷ್ಟು ದಿನ ಎಲ್ಲಿತ್ತೋ.

ಸಾಗವಾನಿ ಹಲಗೆ, ತೊಲೆ, ಚೌಕಟ್ಟು ಎಲ್ಲ ಗುಜರಿಗೆ ಹೋದವು. ಗುಜರಿಯಿಂದ ಬೆಂಗಳೂರಿನ ಹೋಟೆಲಿಗೆ. ಅಲ್ಲಿ ಆ ಹಲಗೆಯನ್ನು ಗೋಡೆಗೆ ಬಡಿದು, ಮೇಲೊಂದು ಹಳದಿ ದೀಪ ಬಿಟ್ಟಿದ್ದಾರೆ. ಕೆಳಗೆ ಸಾವಕಾರನ ಮಗ ಕೂತಿದ್ದಾನೆ. ರೊಟ್ಟಿ, ಶೇಂಗಾ ಹಿಂಡಿಗೆ ನಾಲ್ಕು ನೂರು ತೆತ್ತು, "ಊರಿನ ನೆನಪಾಯಿತು" ಎನ್ನುತ್ತಾನೆ. ಆಗದೆ ಏನು? ತಲೆಯ ಮೇಲಿರುವುದು ಅವನ ಮನೆಯದೇ ಹಲಗೆ ಇದ್ದೀತು.

ಇಂಥ ಅಂಗಡಿಯನ್ನು ಸರ್ಕಾರ ಕಾಪಾಡಬೇಕಿತ್ತಂತೆ. ಕೇಂದ್ರದ 1958ರ ಕಾಯ್ದೆಯಲ್ಲಿ ಪುರಾತನ ಸ್ಮಾರಕ ಎನಿಸಿಕೊಳ್ಳಲು 100 ವರ್ಷವಾದರೂ ತುಂಬಿರಬೇಕು. ತುಂಬಿದರೆ ಉಳಿಯುತ್ತದೆಯೇ? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಹಳೆ ಪುಸ್ತಕದಂಗಡಿಗಳ ಸಾಲಿತ್ತು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ದ್ವಾರದ ಕಡೆ ಬಿತ್ತು. ಅದೂ ದುರಸ್ತಿ ನಡೆದಿರುವಾಗಲೇ! ಅರಮನೆ ಊರಿನ ಅಂಗಡಿಗೇ ಈ ಗತಿ. ಹೊರ್ತಿಯ ಕಿರಾಣಿ ಅಂಗಡಿಯನ್ನು ಯಾರು ಕೇಳುತ್ತಾರೆ? ನಮ್ಮ ಜಿಲ್ಲೆಯಲ್ಲಿ ಸರ್ಕಾರ ಕಾಯಬೇಕೆಂದರೆ ನೀವು ಆದಿಲ್‌ಶಾಹಿಯಾಗಿರಬೇಕು. ಸತ್ತೂ ಇರಬೇಕು.

ಇನ್ನು ಕಾಂಪ್ಲೆಕ್ಸಿನ ಉದ್ಘಾಟನೆ. ರಿಬ್ಬನ್, ಶಾಲು, ಹಾರ. ಸಾವಕಾರ ಮೈಕ್ ಹಿಡಿದು ಗದ್ಗದಿತನಾದ.

"ನಮ್ಮ ಅಜ್ಜಾರ ಅಂಗಡಿ ಕಟ್ಟಿ ಮ್ಯಾಲ ಊರ ಮಂದಿ ಎಲ್ಲಾ ಕುಂಡ್ರತಿದ್ರು. ಜಾತಿ ಇಲ್ಲ, ಮತ ಇಲ್ಲ."

ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮದೇ ಜಿಲ್ಲೆ ಎಂದೂ ಸೇರಿಸಿದ. ಚಪ್ಪಾಳೆಯೋ ಚಪ್ಪಾಳೆ.

ಎಲ್ಲಾ ಅಂದರೆ ಯಾರಪ್ಪ? ದಲಿತರ ಓಣಿಯವರು ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ದುಡ್ಡು ಮೆಟ್ಟಿಲ ಮೇಲಿಡಬೇಕು. ಬೆಲ್ಲದ ಪೊಟ್ಟಣ ಮೇಲಿಂದ ಬೀಳುತ್ತಿತ್ತು. ಎಣ್ಣೆಯನ್ನು ಬಾಟಲಿಗೆ ತಾಗದಂತೆ ಎತ್ತರದಿಂದ ಹೊಯ್ಯುವುದರಲ್ಲಿ ಅಜ್ಜಾರ ಕೈ ಬಲು ಪಳಗಿತ್ತು. ಅಂಗಡಿಯ ತಂಪು ಅವರಿಗೆ ಗೊತ್ತೇ ಆಗಲಿಲ್ಲ.

ಹಿಂದಿನ ಸಾಲಿನಲ್ಲಿ ಮುದುಕನೊಬ್ಬ ಎದ್ದ.

"ಸಾವಕಾರ್ರ, ಆ ಕಟ್ಟಿ ನನಗೂ ನೆನಪೈತ್ರಿ. ಒಂದ್ ಎರಡ ಮಾತ ಆಡ್ಲೇನ್ರಿ?"

ನಿರೂಪಕ ಮೈಕ್ ಕಸಿದುಕೊಂಡ. "ಸಮಯದ ಅಭಾವ ಇದೆ. ಈಗ ವಂದನಾರ್ಪಣೆ."

ವಂದನಾರ್ಪಣೆ ಮುಕ್ಕಾಲು ತಾಸು ನಡೆಯಿತು.