ತೂಕಕ್ಕೆ ಬಾರದ ಮಾಲು

ಜನ್ಮದಲ್ಲಿ ಸಿಗರೇಟು ಮುಟ್ಟದವನು ಕಂಡವರ ಮೋಟು ಆರಿಸಲು ಹೊರಟರೆ ಮನೆಯಲ್ಲಿ ಅನುಮಾನ ಹುಟ್ಟದೆ ಇರುತ್ತದೆಯೇ? "ಖರೆ ಹೇಳ್ರಿ, ಯಾವಾಗಿಂದ ಸೇದಾಕ ಹತ್ತೀರಿ?" ಎಂದಳು ನನ್ನಾಕೆ. ನಾನಾಗ ವಾಟ್ಸಾಪ್ ಬಳಗಕ್ಕೆ ಗಾಂಧಿ ಜಯಂತಿಯ ಉಪನ್ಯಾಸ ಕುಟ್ಟುತ್ತಿದ್ದೆ: ಸಿಗರೇಟಿನ ಫಿಲ್ಟರ್ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್, ವರ್ಷಗಟ್ಟಲೆ ಕೊಳೆಯುವುದಿಲ್ಲ, ಮಳೆ ಬಂದರೆ ಹೀರಿಟ್ಟುಕೊಂಡ ನಿಕೋಟಿನ್ನನ್ನು ಚರಂಡಿಗೆ ಬಿಡುತ್ತದೆ. ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. ಬೆಳಿಗ್ಗೆ ಮೋಟು ಆರಿಸಲು ನಮ್ಮೂರ ಕೌಲ್ ಬಜಾರಿಗೆ ಬಂದ ಬೆರಳುಗಳ ಒಡೆಯರು ಮಾತ್ರ ನಾಲ್ಕೈದು ಜನ, ಅವರಲ್ಲೊಬ್ಬರು ಫೋಟೋಕ್ಕೆಂದೇ ಬಂದವರು.

ಆರಿಸಿದ್ದರ ಬಗ್ಗೆ ಹೇಳುವಂಥದ್ದೇನಿಲ್ಲ. ಚಹಾದಂಗಡಿ ಮುಂದೆ, ಪಾನ್ ಡಬ್ಬಿ ಸುತ್ತ, ಜೀನ್ಸ್ ಹೊಲಿಯುವ ಮನೆಗಳ ಮೆಟ್ಟಿಲ ಕೆಳಗೆ ಬಗ್ಗಿದೆವು, ಎದ್ದೆವು, ಸೊಂಟ ಹಿಡಿದುಕೊಂಡೆವು. ಬೀಡಿ ಎಳೆಯುತ್ತಿದ್ದ ಅಜ್ಜನೊಬ್ಬ, "ನಮ್ಮದು ಎಲಿ. ಮಣ್ಣಾಗ ಮಣ್ಣಾಗಿ ಹೋಗ್ತೈತಿ, ನೀವು ಮುಟ್ಟಬ್ಯಾಡ್ರಿ" ಎಂದ. ವಾದಕ್ಕೆ ಎದುರಿರಲಿಲ್ಲ, ಅವನ ಕೆಮ್ಮೊಂದೇ ಪ್ರತಿವಾದ ಹೂಡುತ್ತಿತ್ತು.

ತೊಡಕಾದದ್ದು ವರದಿಯಿಂದ. ವರದಿ ಎಂದಮೇಲೆ ಕೆಜಿ ಬೇಕಲ್ಲ! ಚೀಲ ಹೊತ್ತು ಗುಜರಿ ಅಂಗಡಿಗೆ ಹೋದೆವು. ಕಬ್ಬಿಣ ತೂಗುವ ಕಾಟಾ ನಮ್ಮ ಸಮಾಜಸೇವೆಗೆ ಸೊನ್ನೆ ತೋರಿಸಿತು. ನಮ್ಮ ಮುಖ ನೋಡಲಾರದೆ ಗುಜರಿಯವನು ಒಳಗಿನಿಂದ ತಾಮ್ರ ತೂಗುವ ಸಣ್ಣ ತಕ್ಕಡಿ ತಂದ. 780 ಗ್ರಾಂ. ನಾವು ಚಪ್ಪಾಳೆ ತಟ್ಟಿದೆವು. ಅವನು ಚೀಲ ಬೇರೆ ತೂಗಿ ಕಳೆದ. ಆಮೇಲೆ ಒಂದು ಮೋಟು ಹಿಚುಕಿ, ಮೂಸಿ, "ಹಸಿ ಮಾಲ್ರೀ. ರಾತ್ರಿ ಮಳಿ ನೀರು ಕುಡದೈತಿ. ಇನ್ನೂರು ವಜಾ" ಎಂದ.

"ಇನ್ನೂರು ಭಾಳಾತು, ನೂರು ಹಿಡೀರಿ."

"ಒಣಗಿಸ್ಕೊಂಡು ಬರ್ರಿ ಹಂಗಾರ."

"ನೂರಾ ಐವತ್ತು!"

"ಸಾರ್, ಇದನ್ನ ನಾ ತಗೊಳ್ಳಂಗೇ ಇಲ್ಲ. ಇದಕ್ಕ ರೇಟಿಲ್ಲ."

"ತಗೊಳ್ಳದಿದ್ರ ವಜಾ ಯಾಕ ಹಿಡೀತೀರಿ?"

"ಧಂದೆ ಅಂದ್ರ ಧಂದೆ ರೀ."

ಬೆಲೆಯಿಲ್ಲದ ಮಾಲಿಗೆ, ಕೊಳ್ಳದವನ ಜೊತೆ, ನಾನು ಬೆವರು ಸುರಿಸಿ ಚೌಕಾಸಿ ಮಾಡುತ್ತಿದ್ದರೆ ರಸ್ತೆಯಲ್ಲಿ ಆಟೋಗಳು ನಿಂತವು. ನಮ್ಮ ಫೋಟೋದವರು ಪಕ್ಕದ ರಾಶಿಯಿಂದ ಎರಡು ಹಿಡಿ ಜೀನ್ಸ್ ಚಿಂದಿ ಎತ್ತಿ ನಮ್ಮ ಚೀಲಕ್ಕೆ ಸೇರಿಸಲು ಹೋಗಿ ಬೈಸಿಕೊಂಡರು. ಚಿಂದಿಗೆ ರೇಟಿದೆಯಂತೆ! ಕೊನೆಗೆ ನಾನೇ ಲೆಕ್ಕ ಹಾಕಿದೆ: ಮೋಟೊಂದು ಗ್ರಾಮಿನ ಐದನೇ ಒಂದು ಪಾಲೂ ತೂಗುವುದು ಕಷ್ಟ. ಕೆಜಿಯಾಗಲು ಐದು ಸಾವಿರವಾದರೂ ಬೇಕು. ಈ ಲೆಕ್ಕವನ್ನು ಬಳಗಕ್ಕೆ ಕಳಿಸಿದೆ. ಹೆಬ್ಬೆರಳು ಬರಲಿಲ್ಲ. ಅಭಿಯಾನದ ಟೀಶರ್ಟಿಗೆ ಬಣ್ಣ ಯಾರು ಆರಿಸಿದ್ದೆಂಬ ಜಗಳ ಅಲ್ಲಿ ಇನ್ನೂ ನಡೆದಿತ್ತು.

ವಾಪಸು ಬರುವಾಗ, ನಾವು ಗುಡಿಸಿದ ಮೆಟ್ಟಿಲ ಮೇಲೆಯೇ ಹೊಲಿಗೆಯ ಹುಡುಗನೊಬ್ಬ ಸಿಗರೇಟು ಹಚ್ಚುತ್ತಿದ್ದ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ 2008ರ ಅಕ್ಟೋಬರ್ 2ರಿಂದಲೇ ನಿಷಿದ್ಧ, 200 ರೂಪಾಯಿ ಇದ್ದ ದಂಡ ನಮ್ಮ ರಾಜ್ಯದಲ್ಲಿ ಈಗ 1000 ಎಂಬುದೆಲ್ಲ ನನ್ನ ನಾಲಿಗೆ ತುದಿಯಲ್ಲಿತ್ತು. ಅವನೇ ಮೊದಲು ಮಾತಾಡಿದ: "ಪೀಸಿನ ಲೆಕ್ಕ ಸಾರ್. ನೀರು ಕುಡಿಯಾಕ ಎದ್ರ ಸೇಠ್ ಕಣ್ಣು ಬಿಡ್ತಾನ. ಸಿಗರೇಟ್ ಅಂದ್ರ ಏನೂ ಅನ್ನಂಗಿಲ್ಲ, ಅವನೂ ಸೇದ್ತಾನಲ್ಲ."

ಬೆನ್ನು ನೆಟ್ಟಗೆ ಮಾಡಲು ಇವನಿಗೆ ಸಿಕ್ಕಿರುವ ರಜಾಚೀಟಿ ಇದೊಂದೇ. ದಂಡದ ಮಾತು ನುಂಗಿದೆ. ಮೋಟು ಹಾಕಲೆಂದು ತಂದಿದ್ದ ಖಾಲಿ ಹಾರ್ಲಿಕ್ಸ್ ಡಬ್ಬಿ ಅವನ ಕೈಗಿಟ್ಟೆ. ತಿರುಗಿಸಿ ನೋಡಿ ಬಹಳ ಮೆಚ್ಚಿದ.

ಮುಂದಿನ ವಾರ ಹೋಗಿ ನೋಡಿದರೆ ಡಬ್ಬಿ ಮಿಷನ್ ಪಕ್ಕದಲ್ಲಿತ್ತು, ತುಂಬಿತ್ತು ಕೂಡ. ಒಳಗೆಲ್ಲ ಜೀನ್ಸ್ ಗುಂಡಿ. "ಇನ್ನೊಂದು ಐತೇನ್ರಿ ಸಾರ್? ಜಿಪ್ ಇಡಾಕ ಬೇಕಾಗಿತ್ತು."